ಗಾಜಿನ ಮನೆಯ ಎಲೆಬಳ್ಳಿ

"ಇದರೊಳಗ ಯಾರು ಕಾಲಿಟ್ಟಿದ್ರು?"

ಪಾಲಯ್ಯ ಯಾರ ಮುಖವನ್ನೂ ನೋಡದೆ ಕೇಳಿದ. ಎದುರಿಗೆ ಇದ್ದದ್ದು ವೀಳ್ಯದೆಲೆಯ ಬಳ್ಳಿಗಳು ಮಾತ್ರ. ಹಿತ್ತಲಲ್ಲಿ ತಾನೇ ಕಟ್ಟಿದ ಗಾಜಿನ ಮನೆಯ ಬಾಗಿಲಲ್ಲಿ ಬರಿಗಾಲಲ್ಲಿ ನಿಂತು, ಒಂದು ಎಲೆಯನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದ. ಹಸಿರೆಲೆಯ ತುಂಬ ಸುಟ್ಟಂಥ ಕಲೆಗಳು. ನಡುವೆ ಬಿಳುಪು, ಸುತ್ತ ಕಂದು.

ಆ ಪ್ರಶ್ನೆ ಮುಟ್ಟಬೇಕಾದವಳು ಹಿತ್ತಲ ಮೂಲೆಯ ತಗಡಿನ ಮಾಡಿನ ಕೆಳಗೆ, ಬೇರೆ ಚಾಪೆ, ಬೇರೆ ಚೊಂಬು ಇಟ್ಟುಕೊಂಡು ಕೂತಿದ್ದಳು. ಸೊಸೆ ಉಡಚಮ್ಮ ಮುಟ್ಟಾಗಿ ಹೊರಗೆ ಕೂತ ಎರಡನೆಯ ದಿನ ಅದು. ಎಲೆಬಳ್ಳಿ ಮಡಿಯ ಬಳ್ಳಿ. ಚಪ್ಪಲಿ ಮೆಟ್ಟಿ ಅದರ ಹತ್ತಿರ ಹೋಗುವಂತಿಲ್ಲ. ಮುಟ್ಟಾದವರ ನೆರಳು ಬಿದ್ದರೂ ಅದು ಸೊರಗುತ್ತದೆ ಎಂಬುದು ನಿಟ್ಟುವಳ್ಳಿ ಓಣಿಯ ಕೂಸುಗಳಿಗೂ ಗೊತ್ತಿದ್ದ ಮಾತು.

ಅಡುಗೆಮನೆಯಿಂದ ಅತ್ತೆ ದ್ರಾಕ್ಷಾಯಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಎಲೆಯನ್ನು ನೋಡಿದಳು. ಆಮೇಲೆ ಮೂಲೆಯ ಕಡೆ ನೋಡಿದಳು.

"ಕೇಳಿದ್ರೆ ಯಾರು ಹೇಳ್ತಾರ್ರಿ? ಹಾಲು ಕುಡಿದ ಬೆಕ್ಕು ಮೀಸಿ ತೋರಿಸ್ತೈತಾ?"

"ಅತ್ತಿ, ನಾ ಹೋಗಿಲ್ಲ," ಎಂದಳು ಉಡಚಮ್ಮ ಕೂತಲ್ಲಿಂದಲೇ.

"ನಿನ್ನ ಹೆಸರು ಯಾರು ತಗೊಂಡ್ರು?"

ಆ ಗಾಜಿನ ಮನೆ ಎದ್ದದ್ದು ಪಾಲಯ್ಯನ ಹಟದಿಂದ. ಹತ್ತಿಯ ಧೂಳು ಎದೆಯಲ್ಲಿ ಕೂತು, ಗಿರಣಿಯ ಕೆಲಸ ಬಿಟ್ಟು, ಜಗುಲಿಯ ಮೇಲೆ ಕೆಮ್ಮುತ್ತ ಕಾಲ ಕಳೆಯುವಾಗ ಅವನಿಗೆ ನಂದಿಗುಡಿಯ ಸೋದರಮಾವನ ಎಲೆತೋಟ ನೆನಪಾಗತೊಡಗಿತ್ತು. ಹುಡುಗನಾಗಿದ್ದಾಗ ಆ ತಂಪಿನಲ್ಲಿ ಓಡಾಡಿದವನು. ಆದರೆ ದಾವಣಗೆರೆಯ ಬಿಸಿಲು, ಒಣಗಾಳಿ ಎಲೆಬಳ್ಳಿಗೆ ಆಗುವುದಿಲ್ಲ. ಒಮ್ಮೆ ಮದುವೆಗೆಂದು ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನ ಗಾಜಿನ ಮನೆ ಕಂಡು ಬಂದಿದ್ದ. ಮುಚ್ಚಿಟ್ಟರೆ ಗಾಳಿಯ ಕಾಟವಿಲ್ಲ, ನೆಲದ ತೇವ ನೆಲದಲ್ಲೇ ನಿಲ್ಲುತ್ತದೆ ಎಂಬ ಲೆಕ್ಕ ತಲೆಗೆ ಹೊಕ್ಕಿತು. ಎಲೆ ಬಂದರೆ ತನ್ನ ಹೊಟ್ಟೆಗೆ ಮಗನ ಪಗಾರದ ಕಡೆ ನೋಡುವುದು ತಪ್ಪುತ್ತದೆ ಎಂಬುದು ಬಾಯಿಬಿಟ್ಟು ಹೇಳದ ಇನ್ನೊಂದು ಲೆಕ್ಕ.

ಹೊಸ ಗಾಜು ಕೊಳ್ಳುವ ಮಾತೇ ಇರಲಿಲ್ಲ. ಗುಜರಿಯ ಬಡೇಸಾಬ್ ಹತ್ತಿರ, ಯಾವುದೋ ಗಿರಣಿಯ ಮಾಡು ಬಿಚ್ಚಿದಾಗ ಬಂದ ಹಳೆಯ ಗಾಜಿನ ಹಲಗೆಗಳು ಮಸಿ ಹಿಡಿದು ಬಿದ್ದಿದ್ದವು.

"ಪಾಲಣ್ಣ, ಗಾಜಿನೊಳಗ ಎಲೆ ಬೆಳೀತೀಯೋ, ಬೇಯಿಸ್ತೀಯೋ?" ಎಂದು ಬಡೇಸಾಬ್ ನಕ್ಕಿದ್ದ.

"ಬೆಂದ್ರ ನಿನಗ ಪಲ್ಯ ಕಳಿಸ್ತೀನಿ ಸಾಬ್ರ. ಮೊದ್ಲು ಗಾಜು ಕೊಡು."

"ಸ್ವಲ್ಪ ತಡಿಯಪ್ಪ. ಭದ್ರಾ ಕಾಲುವಿ ನೀರು ಬರ್ತೈತಂತ. ಆಗ ಊರಿಗೆ ಊರೇ ತೋಟ."

"ಅದು ಬರೋತನಕ ನಾ ಇರಬೇಕಲ್ಲ."

ಮೊಣಕಾಲೆತ್ತರ ಮಣ್ಣಿನ ಗೋಡೆ. ಅದರ ಮೇಲೆ ಬಿದಿರಿನ ಚೌಕಟ್ಟು, ಸುತ್ತ ಗೋಣಿತಾಟು. ಗಾಜೆಲ್ಲ ಮೇಲಿನ ಮಾಡಿಗೆ. ಸೀಳು ಬಿಟ್ಟ ಗಾಜಿಗೆ ಹಳೆ ಸೀರೆಯ ಪಟ್ಟಿ ಇಟ್ಟು ಡಾಂಬರು ಮೆತ್ತಿದರು. ಗೋಡೆಗೆ ಮಣ್ಣು ತುಳಿದವಳು ಉಡಚಮ್ಮ. ಒಂದೊಂದು ಗಾಜಿಗೂ ಬೂದಿ ಹಚ್ಚಿ, ಮಸಿ ಹೋಗಿ ಆಕಾಶ ಕಾಣುವ ತನಕ ತಿಕ್ಕಿದವಳೂ ಅವಳೇ. ಅಂಗೈ ಕೊಯ್ದುಕೊಂಡಾಗ ಪಾಲಯ್ಯನೇ ಅರಿಶಿನ ತಂದುಕೊಟ್ಟು, "ನಿನ್ನ ರಕ್ತ ಬಿದ್ದೈತವ್ವ, ಬಳ್ಳಿ ಕೆಂಪಗ ನಾಲಿಗಿ ಮಾಡ್ತೈತಿ ನೋಡು," ಎಂದಿದ್ದ. ಓಣಿಯವರು ಅದಕ್ಕೆ ಪಾಲಯ್ಯನ ಅರಮನೆ ಎಂದು ಹೆಸರಿಟ್ಟರು. ಮೊದಲು ಕೊಯ್ದ ಎಲೆ ಹರಿಹರೇಶ್ವರನಿಗೆ ಎಂದು ಅವನು ಹರಕೆ ಹೊತ್ತ.

ಬಿಸಿಲು ತಡೆಯಲು ಗಾಜಿನ ಮೇಲೆ ಹಾಸಿದ್ದ ಜಂಬು ಹುಲ್ಲಿನ ಚಾಪೆಗಳು ಮಳೆಗಾಲದಲ್ಲಿ ಕೊಳೆತುಹೋದವು. ಹೊರಗಿನಿಂದ ಸುಣ್ಣ ಬಳಿದು ನೋಡಿದರು, ಒಂದೇ ಮಳೆಗೆ ತೊಳೆದುಹೋಯಿತು. ದೀಪಾವಳಿಗೆ ಮನೆಗೆಲ್ಲ ಬಳಿದು ಸುಣ್ಣ ಉಳಿದಿತ್ತು. ಪಾಲಯ್ಯ ಅದನ್ನು ಈ ಸಲ ಒಳಗಿನಿಂದಲೇ ಗಾಜಿಗೆ ದಪ್ಪಗೆ ಬಳಿದ. ಒಳಗೆ ಮಳೆ ಬರುವುದಿಲ್ಲವಲ್ಲ.

ಹಬ್ಬ ಮುಗಿದು ವಾರವಾಗುವಷ್ಟರಲ್ಲಿ ಚಳಿ ಬಿತ್ತು. ಎಲೆಯ ಮೇಲೆ ಕಲೆ ಬಿತ್ತು.

ಉಡಚಮ್ಮನ ಗಂಡ ಹಾಲಪ್ಪ ಗಿರಣಿಯ ಪಾಳಿ ಮುಗಿಸಿ ಬಂದವನು ಕೈಕಾಲು ತೊಳೆಯುವ ನೆವದಲ್ಲಿ ತಗಡಿನ ಮಾಡಿನ ಹತ್ತಿರ ನಿಂತ.

"ನಿಜ ಹೇಳು. ಹೋಗಿದ್ಯಾ?"

"ಇಲ್ಲ."

"ನಂಗೇನೋ ನಂಬಿಕಿ ಐತೆ."

"ಹಂಗಾದ್ರ ಅವರ ಮುಂದ ಹೇಳ್ರಿ."

ಹಾಲಪ್ಪ ಚೊಂಬಿನಲ್ಲಿ ಉಳಿದ ನೀರನ್ನು ಕಾಲಿಗೆ ಸುರಿದುಕೊಂಡು ಒಳಗೆ ಹೋದ.

ಉಡಚಮ್ಮನ ತಂದೆ ಓಬಯ್ಯ ಕೊಂಡಜ್ಜಿಯ ಗುಡಿಯಲ್ಲಿ ಸಂಜೆ ಪುರಾಣ ಓದುವವನು. ಹಗಲೆಲ್ಲ ಹೊಲ, ಸಂಜೆಗೆ ಪದ್ಯ. ಅವಳು ಕಂಬದ ಹಿಂದೆ ಕೂತು ಕೇಳುತ್ತ ಬೆಳೆದವಳು. ಓದುವಾಗ ಒಂದು ಅಕ್ಷರ ಜಾರಿದರೂ ಅವನು ಮುಂದೆ ಹೋಗುತ್ತಿರಲಿಲ್ಲ. ಕೇಳುವವರು "ಇರಲಿ ಬಿಡ್ರಿ, ಯಾರಿಗೆ ತಿಳೀತೈತೆ," ಎಂದರೂ ಬಿಡುತ್ತಿರಲಿಲ್ಲ. ಕೆನ್ನೆ ಬಡಿದುಕೊಂಡು, ಜಾರಿದ ಸಾಲನ್ನೇ ಮತ್ತೆ ಎತ್ತಿಕೊಳ್ಳುತ್ತಿದ್ದ. ತಗಡಿನ ಕೆಳಗೆ ಮಲಗಿ ಅವಳು ಅದನ್ನೇ ನೆನೆದಳು. ತಾನು ಹೋಗಿಲ್ಲ ಎಂಬುದು ಅವಳಿಗೆ ಗೊತ್ತು. ಮತ್ತೆ ಎಲೆ ಯಾಕೆ ಸುಟ್ಟವು ಎಂಬುದು ಮಾತ್ರ ಗೊತ್ತಿಲ್ಲ. ದಿನಾ ತಾನೇ ನೀರುಣಿಸಿದ ಬಳ್ಳಿ.

ಮೂರನೆಯ ದಿನ ಬೆಳಿಗ್ಗೆ ಪಾಲಯ್ಯ ಬಡೇಸಾಬನ ಕಡೆ ಹೋಗಿದ್ದ. ಅತ್ತೆ ನೀರಿಗೆ ಹೋಗಿದ್ದಳು. ಹಾಲಪ್ಪ ನಿದ್ದೆಯಲ್ಲಿದ್ದ. ಉಡಚಮ್ಮ ಎದ್ದಳು. ಗಾಜಿನ ಮನೆಯ ಮುಂದೆ ನಿಂತು ಕೈ ಮುಗಿದಳು. ಗೋಣಿತಾಟಿನ ಬಾಗಿಲು ಸರಿಸಿ ಒಳಗೆ ಕಾಲಿಟ್ಟಳು.

ಒಳಗೆ ಉಸಿರು ಬಿಟ್ಟ ಹಾಗೆ ಬೆಚ್ಚಗಿತ್ತು. ಎಲ್ಲೋ ಟಪ್ ಎಂದಿತು. ಅವಳು ಕಿವಿಗೊಟ್ಟು ನಿಂತಳು. ಮತ್ತೆ ಟಪ್. ಮಾಡಿನ ಗಾಜೆಲ್ಲ ಒಳಗಡೆ ಬೆವತಿತ್ತು. ಹೊರಗಿನ ಚಳಿಗೆ ಗಾಜು ಬೆವತು, ಆ ನೀರು ಸುಣ್ಣದೊಳಗೆ ಹರಿದು, ಬಿದಿರಿನ ಅಂಚಿಗೆ ಬಂದು ಹಾಲಿನ ಹನಿಯ ಹಾಗೆ ತೂಗಿ ಬೀಳುತ್ತಿತ್ತು. ಬಿದ್ದಲ್ಲಿ ಎಲೆ ಬೆಳ್ಳಗೆ. ನಿನ್ನೆ ಬಿದ್ದಲ್ಲಿ ಕಂದು. ಬಿದಿರಿನ ಸಾಲಿನ ಕೆಳಗಿದ್ದ ಎಲೆಗಳಿಗೆ ಮಾತ್ರ ಕಲೆ, ಪಕ್ಕದವು ಹಸಿರಾಗಿಯೇ ಇದ್ದವು. ಅವಳು ಅಂಗೈ ಒಡ್ಡಿ ಒಂದು ಹನಿ ಹಿಡಿದು ನಾಲಿಗೆಗೆ ಮುಟ್ಟಿಸಿದಳು. ಚುರ್ ಎಂದಿತು.

ಬಳ್ಳಿಯನ್ನು ಮುಟ್ಟದೆ ಹಿಂದಕ್ಕೆ ಬಂದಳು. ಎದೆ ಹಗುರಾಯಿತು. ತಗಡಿನ ಮಾಡಿನ ಕೆಳಗೆ ಕೂತ ಮೇಲೆ ಮಾತ್ರ ತಿಳಿಯಿತು. ಕಂಡದ್ದನ್ನು ಹೇಳಬೇಕಾದರೆ ಹೋದದ್ದನ್ನೂ ಹೇಳಬೇಕು.

ನಾಲ್ಕನೆಯ ದಿನ ಮಿಂದು ಒಳಗೆ ಬಂದವಳು ಮಾವನ ಮುಂದೆ ತಲೆ ತಗ್ಗಿಸಿ ನಿಂತಳು.

"ಮಾವ, ಗಾಜಿಗೆ ಒಳಗ ಬಳಿದ ಸುಣ್ಣ ತೆಗೀರಿ. ಗಾಜು ಬೆವರಿ, ಸುಣ್ಣದ ನೀರು ಎಲಿ ಮ್ಯಾಲ ಬೀಳಾಕತ್ತೈತೆ. ಅದಕ್ಕ ಸುಡ್ತಾವ."

ಪಾಲಯ್ಯ ಎಲೆ ಮಡಿಸುತ್ತಿದ್ದವನು ಕೈ ನಿಲ್ಲಿಸಿದ. ಬೆರಳ ತುದಿಯಲ್ಲಿದ್ದ ಸುಣ್ಣವನ್ನು ಅವಳಿಗೇ ತೋರಿಸಿದ.

"ಎಲಿಗೂ ಸುಣ್ಣಕ್ಕೂ ಲಗ್ನ ಆಗಿ ಯಾವ ಕಾಲ ಆತವ್ವ! ಹುಟ್ಟಿದಾಗಿಂದ ಹಚ್ಚಿ ತಿಂತೀವಿ. ಸುಣ್ಣ ಎಲಿ ಕೊಲ್ಲತೈತಾ?"

"ಕೊಯ್ದ ಎಲಿ ಬ್ಯಾರೆ, ಬಳ್ಳಿ ಮ್ಯಾಲಿನ ಎಲಿ ಬ್ಯಾರೆ ಮಾವ."

"ಅದಿರ್ಲಿ. ಬೆವರೋದು, ಬೀಳೋದು, ಇದೆಲ್ಲ ನೀ ಯಾವಾಗ ನೋಡ್ದಿ?"

ಉಡಚಮ್ಮ ಬಾಯಿ ತೆರೆದಳು. ಮಾತು ಹೊರಡಲಿಲ್ಲ.

"ನೋಡ್ರಿ, ನೋಡ್ರಿ, ನಾಲಿಗಿ ಹೆಂಗ ಕಟ್ತು!" ಎಂದಳು ದ್ರಾಕ್ಷಾಯಣಮ್ಮ. "ದೇವರಿಗೆ ಮುಡಿಪಿಟ್ಟ ಬಳ್ಳಿ. ಸುಮ್ನೆ ಬಿಡೋ ಮಾತಲ್ಲ. ಸೋಮವಾರ ಹರಿಹರಕ್ಕ ಹೋಗಾನ. ಹೊಳಿಯಾಗ ಮಿಂದು, ಹೋಗಿಲ್ಲ ಅಂತ ಕರ್ಪೂರ ಆರಿಸ್ಲಿ. ಆರಿಸಿದ್ರ ನನ್ನ ಮಗಳು. ಇಲ್ಲಾ ಅಂದ್ರ ಹೊಳಿಯಿಂದ್ಲೇ ಕೊಂಡಜ್ಜಿ ಬಸ್ಸು ಹತ್ಲಿ, ಅಪ್ಪನ ಪುರಾಣ ಕೇಳ್ಕೊಂಡು ಇರ್ಲಿ."

ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸುವುದು ದೊಡ್ಡ ಆಣೆ. ಸುಳ್ಳಾಡಿ ಆರಿಸಿದರೆ ವಂಶಕ್ಕೆ ತಟ್ಟುತ್ತದೆ ಎಂಬ ಭಯ. ಪಾಲಯ್ಯ ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮಡಿಸಿದ ಎಲೆಯನ್ನು ಬಾಯಿಗೆ ಹಾಕಿಕೊಂಡ.

ಭಾನುವಾರ ಉಡಚಮ್ಮ ರಾಗಿ ಬೀಸುತ್ತಿದ್ದಾಗ ಹಿತ್ತಲಿನಿಂದ ಕರಕರ ಸದ್ದು ಬಂತು. ಕಲ್ಲು ನಿಲ್ಲಿಸಿ ಕೇಳಿದಳು. ಗಾಜಿನ ಸುಣ್ಣವನ್ನು ತೆಂಗಿನ ಚಿಪ್ಪಿನಿಂದ ಕೆರೆಯುವ ಸದ್ದು.

"ಒಳಗ ಏನು ಮಾಡಾಕತ್ತೀರಿ?" ಎಂದು ಅತ್ತೆ ಕೂಗಿದಳು.

"ಬಿದಿರು ಸಡಿಲಾಗೈತೆ. ಕಟ್ಟಾಕತ್ತೀನಿ," ಎಂದ ಪಾಲಯ್ಯ ಒಳಗಿನಿಂದ. ಕೆಮ್ಮಿದ. ಸದ್ದು ಮುಂದುವರಿಯಿತು.

ಉಡಚಮ್ಮ ಮತ್ತೆ ಬೀಸತೊಡಗಿದಳು. ಮಾವನಿಗೆ ತಿಳಿದಿದೆ. ನಾಳೆಯ ಪಯಣ ನಿಲ್ಲುತ್ತದೆ ಎಂದುಕೊಂಡಳು. ಸಂಜೆಯ ತನಕ ಕಾದಳು. ರೊಟ್ಟಿ ಬಡಿಸುವಾಗ ಕಾದಳು. ಮಾವ ಅವಳ ಕೈಯನ್ನಷ್ಟೇ ನೋಡಿದ, ಮುಖ ನೋಡಲಿಲ್ಲ.

ಸೋಮವಾರದ ಪ್ಯಾಸೆಂಜರ್ ರೈಲಿನಲ್ಲಿ ಅತ್ತೆ ಮಾವ ಕಿಟಕಿಯ ಹತ್ತಿರ ಕೂತರು. ಹಾಲಪ್ಪ ಮತ್ತು ಅವಳು ಬಾಗಿಲ ಬಳಿ ನಿಂತರು. ಗಾಲಿಯ ಸದ್ದಿನ ಮರೆಯಲ್ಲಿ ಅವಳು ಗಂಡನಿಗೆ ಎಲ್ಲ ಹೇಳಿದಳು. ಮೂರನೆಯ ದಿನ ಹೋದದ್ದು, ಹನಿ, ಸುಣ್ಣ.

ಹಾಲಪ್ಪ ಕಿಟಕಿಯ ಕಡೆ ಒಮ್ಮೆ ನೋಡಿ ಅವಳ ಹತ್ತಿರ ಬಾಗಿದ.

"ಎಲಿಗೆ ಕಲಿ ಬಿದ್ದಮ್ಯಾಲ ತಾನೆ ಹೋಗಿದ್ದು? ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೋಗಿಲ್ಲ ಅಂತ ಹೇಳಿ ಆರಿಸಿಬಿಡು. ದೇವರಿಗೆ ಎಲ್ಲಾ ತಿಳೀತೈತೆ."

"ತಿಳೀತೈತೆ ಅಂತನ ಭಯ."

"ಹಂಗಾದ್ರ ನಾಳಿ ನಾ ಯಾರ ಜೊತಿ ಬದುಕಲಿ? ಅಷ್ಟು ಹೇಳು."

ಅವಳು ಅವನ ತೋಳು ಹಿಡಿದಳು. ರೈಲು ಹರಿಹರದಲ್ಲಿ ನಿಂತಾಗ ಬಿಟ್ಟಳು.

ಹೊಳೆಯ ನೀರು ತಣ್ಣಗಿತ್ತು. ಮುಳುಗಿ ಎದ್ದು, ಒದ್ದೆ ಸೀರೆಯಲ್ಲೇ ಗುಡಿಯ ಅಂಗಳಕ್ಕೆ ಬಂದಳು. ಒಳಗೆ ಹರಿ ಅರ್ಧ, ಹರ ಅರ್ಧ. ಎರಡೂ ಸೇರಿ ಒಂದೇ ಮುಖ. ಅವಳು ಆ ಮುಖದ ಎದುರಿಗೆ ಬರುವ ಹಾಗೆ ನಿಂತಳು. ದ್ರಾಕ್ಷಾಯಣಮ್ಮ ಎಲೆಯೊಂದನ್ನು ಕಲ್ಲಿನ ಮೇಲೆ ಇಟ್ಟು, ಅದರ ಮೇಲೆ ಕರ್ಪೂರ ಹಚ್ಚಿದಳು. ಗಾಜಿನ ಮನೆಯ ಎಲೆ. ಕಲೆಯಿಲ್ಲದ್ದನ್ನು ಹುಡುಕಿ ತಂದಿದ್ದಳು.

"ಹೇಳವ್ವ. ಹೊರಗಿದ್ದಾಗ ಒಳಗ ಕಾಲಿಟ್ಟಿಲ್ಲ ಅನ್ನು. ಆರಿಸು. ಮನಿಗೆ ಹೋಗಿ ಹೋಳಿಗಿ ಮಾಡಾನ."

ಆ ಮಾತಿನಲ್ಲಿ ವಿಷವಿರಲಿಲ್ಲ. ಸೊಸೆ ಗೆಲ್ಲಲಿ ಎಂಬ ಆಸೆಯೇ ಇತ್ತು. ಅದು ಉಡಚಮ್ಮನಿಗೆ ಇನ್ನಷ್ಟು ಕಷ್ಟವಾಯಿತು. ಕೈ ಮುಂದೆ ಬಂದಿತು. ಬಿಸಿ ತಾಗಿತು. ಕಂಬದ ಹಿಂದೆ ಕೂತು ಕೇಳಿದ ಅಪ್ಪನ ದನಿ ಕಿವಿಯಲ್ಲಿ ನಿಂತುಕೊಂಡಿತು, ಜಾರಿದ ಸಾಲಿನಲ್ಲಿ ನಿಂತ ಹಾಗೆ.

ಕೈ ಹಿಂದಕ್ಕೆ ತೆಗೆದುಕೊಂಡಳು.

"ಕಾಲಿಟ್ಟೀನಿ ಅತ್ತಿ. ಮಾವ ಬಾಗಿಲಾಗ ನಿಂತು ಕೇಳಿದ್ರಲ್ಲ, ಅದರ ಮರುದಿನ. ಎಲಿ ಸುಟ್ಟಿದ್ದು ಅದಕ್ಕೂ ಮೊದ್ಲು. ಯಾಕ ಸುಡ್ತಾವ ಅಂತ ನೋಡಾಕ ಹೋದೆ. ನೋಡ್ದೆ. ಬಂದೆ."

ದ್ರಾಕ್ಷಾಯಣಮ್ಮ ಹಣೆ ಬಡಿದುಕೊಂಡಳು. "ಕೇಳಿದ್ರಾ! ಕೇಳಿದ್ರಾ ಇವಳ ಬಾಯಿಂದ!" ಹಾಲಪ್ಪ ಕಂಬಕ್ಕೆ ಒರಗಿ ನೆಲ ನೋಡಿದ. ಕರ್ಪೂರ ತನ್ನಷ್ಟಕ್ಕೆ ಉರಿದು ಆರಿತು. ಎಲೆಯ ನಡುವೆ ಕಪ್ಪು ಗುರುತು ಉಳಿಯಿತು.

ಪಾಲಯ್ಯ ಮೆಲ್ಲಗೆ ಹತ್ತಿರ ಬಂದ. ಅಂಥ ಮೆತ್ತನೆಯ ದನಿಯನ್ನು ಅವಳು ಅವನಿಂದ ಕೇಳಿದ್ದು ಅರಿಶಿನ ತಂದುಕೊಟ್ಟ ದಿನ ಮಾತ್ರ.

"ಆತು. ಆಗಿದ್ದು ಆತು. ತಪ್ಪಾತು ಅನ್ನು, ಇದನ್ನ ಹುಂಡಿಗೆ ಹಾಕು. ತಪ್ಪುಕಾಣಿಕಿ. ಅಷ್ಟಕ್ಕ ಮುಗೀತು. ಕೊಂಡಜ್ಜಿ ಮಾತು ಯಾರೂ ಎತ್ತಂಗಿಲ್ಲ. ನಾ ಅದೀನಿ."

ಅಂಗೈ ಮೇಲೆ ಒಂದು ನಾಣ್ಯ ಚಾಚಿದ. ಅವನೂ ಹೊಳೆಯಲ್ಲಿ ಮಿಂದಿದ್ದ. ಆದರೆ ಉಗುರುಗಳ ಸಂದಿಯಲ್ಲಿ ಸುಣ್ಣ ಹಾಗೆಯೇ ಬೆಳ್ಳಗೆ ಕೂತಿತ್ತು. ಉಡಚಮ್ಮ ನಾಣ್ಯ ನೋಡಲಿಲ್ಲ, ಉಗುರು ನೋಡಿದಳು.

"ನಿನ್ನೆ ಗಾಜು ಕೆರೆದವರು ಯಾರು ಮಾವ?"

ದ್ರಾಕ್ಷಾಯಣಮ್ಮ ಗಂಡನ ಕಡೆ ತಿರುಗಿದಳು. ಹಾಲಪ್ಪನೂ ತಲೆ ಎತ್ತಿದ. ಪಾಲಯ್ಯನ ಬೆರಳುಗಳು ನಾಣ್ಯದ ಮೇಲೆ ಮಡಚಿಕೊಂಡವು, ಮತ್ತೆ ಬಿಚ್ಚಿದವು. ಕೆಮ್ಮು ಬಂತು. ಕೆಮ್ಮಿ ಮುಗಿದ ಮೇಲೂ ಅವನು ಆ ಪ್ರಶ್ನೆಯ ಹತ್ತಿರ ಬರಲಿಲ್ಲ.

"ಮಂದಿ ನೋಡಾಕತ್ತಾರ. ಒಂದು ಮಾತು. ತಪ್ಪಾತು ಅಂದುಬಿಡವ್ವ. ಕೈ ಮುಗೀತೀನಿ."

"ಒಲ್ಲೆ ಮಾವ," ಎಂದಳು ಉಡಚಮ್ಮ. "ಅನ್ನಂಗಿಲ್ಲ."