ದೂರು ಸೊನ್ನೆ

“ನಿನ್ನ ಕಪಾಲಕ್ಕೆ ಕೊಡ್ಬೇಕು! ಬಣ್ಣ ಬದಲಿಸು ಅಂದ್ರೆ ಒಳಗೆಲ್ಲ ಎಂತ ಹುಡುಕುದು?”

ದರ್ಬೆಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಮುರಳಿಕೃಷ್ಣ ಬೊಬ್ಬೆ ಹೊಡೆದ. ಅವನ ಕೈಕೆಳಗೆ ಕೆಲಸಕ್ಕಿದ್ದ ಯಶ್ಮಿತಾ ತಲೆ ತಗ್ಗಿಸಲಿಲ್ಲ. ಗೇರುಬೀಜದ ಫ್ಯಾಕ್ಟರಿಯ ಕೆಲಸದವರು ದೂರು ಬರೆಯುವ ವೆಬ್ ಫಾರ್ಮ್ ಅದು. ಪೈತಾನ್ ಕೋಡಿನ ಜಾಂಗೋ ಚೌಕಟ್ಟಿನಲ್ಲಿ ಕಟ್ಟಿದ್ದು. ಬರೆದದ್ದು ಸರಿಯುಂಟಾ ಎಂಬ ಪರೀಕ್ಷೆ ಚಂದಕ್ಕೆ ನಡೆಯುತ್ತದೆ, “ನಿಮ್ಮ ದೂರು ತಲುಪಿದೆ, ಧನ್ಯವಾದ” ಎಂಬ ಪುಟವೂ ಬರುತ್ತದೆ. ನಡುವೆ ದೂರನ್ನು ಸೇವ್ ಮಾಡುವ ಕೋಡಿನ ಸಾಲೇ ಇಲ್ಲ! ಬರೆದವರದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಕೆಲಸ.

ಅವಳ ಅಮ್ಮ ಸೀತು ಅಲ್ಲೇ ಬೀಜ ಒಡೆಯುವವಳು. ಕಕ್ಕಸಿನ ಕೀ ಸೂಪರ್‌ವೈಸರನ ಕಿಸೆಯಲ್ಲಿ. ಕೇಳಿದರೆ, “ಎಂತ, ಪುನಃ ಬಂತಾ? ಮನೆಯಲ್ಲೇ ಹೊಯ್ದು ಬರ್ಲಿಕ್ಕೆ ಆಗುದಿಲ್ವಾ?” ಎಂದು ಎಲ್ಲರೆದುರು ಹಲ್ಲು ಕಿಸಿಯುತ್ತಾನೆ. ಸೀತು ನೀರು ಕುಡಿಯುವುದನ್ನೇ ಬಿಟ್ಟಳು. ಈಗ ಉರಿಮೂತ್ರ, ಚಳಿಜ್ವರ. ಮೊಬೈಲಿನಲ್ಲಿ ಇದೇ ಫಾರ್ಮಿಗೆ ದೂರು ಕೊಟ್ಟೂ ಕೊಟ್ಟೂ, “ಧನ್ಯವಾದ ಹೇಳ್ತಾರೆ ಮಗಾ, ಒಳ್ಳೆ ಜನ” ಎಂದಿದ್ದಳು. ಥೂ, ಒಳ್ಳೆ ಜನವಂತೆ!

“ಸೇವ್ ಇಲ್ಲದ ಫಾರ್ಮ್ ಎಂತಕ್ಕೆ ಸರ್?”

“ಫಾರಿನ್ ಗಿರಾಕಿಗಳಿಗೆ ತೋರಿಸ್ಲಿಕ್ಕೆ ಮಾರಾಯ್ತಿ. ದೂರು ಸೊನ್ನೆ ಅಂತ ಕಾಣ್ಬೇಕು. ಆ ಹೆಂಗಸರ ಮೂತ್ರದ ಕಥೆ ಇಟ್ಟುಕೊಳ್ಳಿಕ್ಕೆ ನನ್ನ ಸರ್ವರ್ ಎಂತ ಕಕ್ಕಸು ಗುಂಡಿಯಾ?”

ಯಶ್ಮಿತಾ ಬಣ್ಣ ಬದಲಿಸಿದಳು. ಗಿರಾಕಿಗಳು ಬರುವ ದಿನ ಬೆಳಿಗ್ಗೆ ಆ ಒಂದು ಸಾಲನ್ನೂ ಸೇರಿಸಿ, ಅಮ್ಮನಿಗೆ ಫೋನ್ ಮಾಡಿದಳು.

“ಎಲ್ಲರೂ ಇನ್ನೊಮ್ಮೆ ಬರೀರಿ.”

“ಪುನಃ ಎಂತಕ್ಕೆ ಮಗಾ?”

“ಈ ಸಲ ಉಳೀತದೆ.”

ಮಧ್ಯಾಹ್ನ ಫ್ಯಾಕ್ಟರಿಯ ಎ.ಸಿ. ಕೋಣೆ. ಯಜಮಾನ ತಿರುಮಲೇಶ್ವರ ಗಂಜಿ ಹಾಕಿದ ಬಿಳಿ ಅಂಗಿಯಲ್ಲಿ ಗಿರಾಕಿಗಳಿಗೆ ಗೋಡಂಬಿ ಹಂಚುತ್ತಿದ್ದ. ಲ್ಯಾಪ್‌ಟಾಪ್ ನಡೆಸಲು ಮುರಳಿಕೃಷ್ಣ ಅವಳನ್ನೇ ಕರೆತಂದಿದ್ದ. ಬಂದ ದೂರುಗಳ ಪುಟವನ್ನು ಗೋಡೆಯ ದೊಡ್ಡ ಪರದೆಯಲ್ಲಿ ತೆರೆದಳು. ಸೊನ್ನೆ ಎಲ್ಲಿ ಬಂತು? ದೂರುಗಳ ಪಟ್ಟಿ ಪರದೆ ತುಂಬಿ ಕೆಳಗಿಳಿಯಿತು.

‘ಕಕ್ಕಸಿಗೆ ಬೀಗ. ಕೀ ಕೊಡಿ. ಸೀತು.’

‘ನನಗೆ ಏಳು ತಿಂಗಳು. ಕೀ ಕೇಳಿದ್ದಕ್ಕೆ ಹೆಣ್ಣು ನಾಯಿ ಅಂದ. ಕೂತಲ್ಲೇ ಆಯ್ತು. ಎಲ್ಲರೂ ನೋಡಿದರು. ಜಸೀನಾ.’

“ಅಳಿಸು ಅದನ್ನು, ಬೇವರ್ಸಿ!” ತಿರುಮಲೇಶ್ವರನ ಬಾಯಿಂದ ಗೋಡಂಬಿ ಹಾರಿತು.

ಏನು ಬರೆದಿದೆ ಎಂದು ಗಿರಾಕಿಯೊಬ್ಬಳು ಕೇಳಿದಳು.

“ಮೊದಲನೆಯದು ನನ್ನ ಅಮ್ಮನದ್ದು” ಎಂದು ಯಶ್ಮಿತಾ ಎದ್ದುನಿಂತು ಇಂಗ್ಲಿಷಿನಲ್ಲಿ ಓದಿ ಹೇಳತೊಡಗಿದಳು. ಮುರಳಿಕೃಷ್ಣ ಓಡಿಬಂದು ಪರದೆಯ ವಯರು ಕಿತ್ತ. ಪರದೆ ಕಪ್ಪಾಯಿತು. ಅವಳು ಜಸೀನಾಳದ್ದನ್ನು ಶುರುಮಾಡಿದಳು.