ಬೆಟ್ಟದ ದಾರಿಗೆ ಅಡ್ಡ

"ನೀವು ಹೇಳೋಕೆ ಬಂದಿದ್ದೀರಾ ಸಾರ್, ಕೇಳೋಕೆ ಬಂದಿದ್ದೀರಾ?"

ಕೇಳಿಬಿಟ್ಟವಳು ಗಂಗರತ್ನಮ್ಮ. ಮಂಡಲ ಪಂಚಾಯಿತಿಯಲ್ಲಿ ಹೆಂಗಸರಿಗೆ ಸೀಟು ಬಂದಾಗ ಅವಳನ್ನು ನಿಲ್ಲಿಸಿ ಗೆಲ್ಲಿಸಿದವರು ಗಂಡನ ಅಣ್ಣ, ಅದೇ ಪಂಚಾಯಿತಿಯ ಪ್ರಧಾನ ಆವಲಪ್ಪ. ಅಂದಿನಿಂದ ಅವರು ಹೇಳಿದಾಗ ಕೈ ಎತ್ತಿದ್ದಳೇ ಹೊರತು ಸಭೆಯಲ್ಲಿ ಬಾಯಿ ತೆರೆದವಳಲ್ಲ.

ಪಂಚಾಯಿತಿ ಸಭೆ ಸೇರಿದ್ದ ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಧಿಕಾರಿ ಆಗಷ್ಟೇ ವಿವರಿಸಿ ಮುಗಿಸಿದ್ದರು. ಅಣು ವಿದ್ಯುತ್ ತಯಾರಿಸಿದ ಮೇಲೆ ಉಳಿಯುವ ಕಸವನ್ನು ಊರ ಹಿಂದಿನ ಬೆಟ್ಟದ ಬಂಡೆಯೊಳಗೆ ಹೂಳಬಹುದೇ ಎಂದು ಕೊರೆದು ನೋಡಬೇಕಂತೆ. ಸಾವಿರಾರು ವರ್ಷ ಅದರ ವಿಷ ಇಳಿಯುವುದಿಲ್ಲವಂತೆ. ಆದರೂ ಭಯವಿಲ್ಲವಂತೆ.

"ತಿಳಿಸೋಕೇ ಬಂದಿರೋದಮ್ಮ. ತೀರ್ಮಾನ ಮೇಲಿನವರದ್ದು. ದೇಶಕ್ಕೆ ಕರೆಂಟ್ ಬೇಕಲ್ವಾ?"

"ಬೇಕು ಸಾರ್. ನಮ್ಮನೇಲೂ ಬಲ್ಬ್ ಐತೆ, ಇಲ್ಲ ಅನ್ನಲ್ಲ. ಆದ್ರೆ ಸಾವಿರ ವರ್ಷದ ಮಾತು ಅಂತೀರಾ, ಒಂದಿನ ಕೂತು ನಮ್ಮನ್ನ ಕೇಳೋಕಾಗಲ್ವಾ?"

"ಊರ್ಕೋಮ್ಮಾ!" ಸುಮ್ಮನಿರು ಎಂದು ಆವಲಪ್ಪ ತೆಲುಗಿನಲ್ಲೇ ಗದರಿದರು. "ಟಾರ್ ರೋಡ್ ಹಾಕಿಸ್ತೀನಿ ಅಂದವ್ರೆ. ಸುಮ್ನೆ ಒಪ್ಪಿಗೆ ಅಂತ ಕೈ ಎತ್ತು."

ಅಷ್ಟರಲ್ಲಿ ಹೊರಗೆ ಬಂಡೆ ಕೊರೆಯುವ ಲಾರಿ ಗುಡುಗುಡು ಎಂದು ಬೆಟ್ಟದ ಕಡೆ ಹೊರಟಿತು. ಗಂಗರತ್ನಮ್ಮ ಕಿವಿಗೊಟ್ಟು ಕೇಳಿದಳು. ಆವಲಪ್ಪನ ಕಡೆ ತಿರುಗಿದಳು.

"ಕೈ ಎತ್ತೋಕೆ ಮುಂಚೇನೇ ಹೊರಟ್ತಲ್ಲ ಬಾವ!"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾವಿನ ತೋಪಿನ ಅಡ್ಡದಾರಿ ಹಿಡಿದು ಓಡಿದಳು. ಲಾರಿ ತಿರುವು ದಾಟುವ ಹೊತ್ತಿಗೆ ದಾರಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಡ್ರೈವರ್ ಹಾರನ್ ಒತ್ತಿಯೇ ಒತ್ತಿದ. ಆ ಸದ್ದಿಗೆ ಹಿಪ್ಪುನೇರಳೆ ಸೊಪ್ಪು ಕೀಳುತ್ತಿದ್ದ ದೊಡ್ಡಮುನಿಯಮ್ಮ ಬಂದಳು. "ಏನೇ ಗಂಗೂ?" ಎಂದು ಕೇಳಿ, ವಿಷಯ ತಿಳಿದು, ತಾನೂ ಪಕ್ಕದಲ್ಲಿ ಕೂತಳು. ಆಮೇಲೆ ಹೊಲದಲ್ಲಿದ್ದ ಹೆಂಗಸರೆಲ್ಲ ಬಂದರು.

ಆವಲಪ್ಪ ಏದುಸಿರು ಬಿಡುತ್ತ ಬಂದರು. "ಎದ್ದೇಳು! ಇಲ್ಲಾಂದ್ರೆ ಇನ್ಮೇಲೆ ನಮ್ಮನೆ ಹೊಸಲು ತುಳೀಬೇಡ!"

ಮನೆಗೆ ಹಿರಿಯರಾಗಿ ಅವಳ ಮಗಳ ಮದುವೆಯ ಮಾತು ನಡೆಸುತ್ತಿದ್ದವರು ಅವರೇ.

"ಆಗ್ಲಿ ಬಾವ," ಎಂದಳು. ಏಳಲಿಲ್ಲ.

ಡ್ರೈವರ್ ಎಂಜಿನ್ ಆರಿಸಿದ. ಬಿಸಿಲು ನೆತ್ತಿಗೇರಿತ್ತು. ಹಿಂದಿನಿಂದ ಬಂದ ಅಧಿಕಾರಿ ಕತ್ತು ಒರೆಸಿಕೊಳ್ಳುತ್ತ ಅತ್ತಿತ್ತ ನೋಡಿದರು. ಅಲ್ಲಿ ಕುರ್ಚಿ ತಂದುಹಾಕುವವರು ಯಾರೂ ಇರಲಿಲ್ಲ. ಗಂಗರತ್ನಮ್ಮ ಸ್ವಲ್ಪ ಸರಿದು, ದಾರಿಗೆ ಬಾಗಿದ್ದ ಹೊಂಗೆಯ ನೆರಳಿನಲ್ಲಿ ಜಾಗ ಬಿಟ್ಟಳು. ಕೊನೆಗೆ ಅವರು ಪ್ಯಾಂಟಿನ ಮಂಡಿ ಎಳೆದುಕೊಂಡು ಮಣ್ಣಿನ ಮೇಲೆಯೇ ಕೂತರು.

"ಈಗ ಕೇಳಿ ಸಾರ್," ಎಂದಳು.

ಅಧಿಕಾರಿ ಒಮ್ಮೆ ನಿಂತ ಲಾರಿಯ ಕಡೆ ನೋಡಿದರು. ಆಮೇಲೆ ಬಗ್ಗಿ, ಬೇಗ ಏಳುವ ಆತುರವಿಲ್ಲದವರಂತೆ ಬೂಟಿನ ದಾರ ಬಿಚ್ಚತೊಡಗಿದರು.