ಬೊಂಯ್

"ಲೇ ಬೋಳಿಮಗನೆ, ಕಸ ಗುಡಿಸೋಳು ಚರಂಡಿಗೆ ಬಿದ್ರೆ ಒಂದೇ ಒಂದು ಬೊಂಯ್ ಏನೋ? ಮೂರು ಹಾಕು! ಜನ ನಗೋದು ಬೇಡ್ವಾ?"

ಹೊಸ ಚಿತ್ರದಲ್ಲಿ ಎಲ್ಲೆಲ್ಲಿ ಯಾವ ಸದ್ದು ಎಂದು ಬರೆದ ಚೀಟಿ ನೋಡಿ ನಿರ್ಮಾಪಕರು ಹೀಗೆ ಬೈದದ್ದು ನಮ್ಮ ಮೇಷ್ಟ್ರನ್ನು. ಮೇಷ್ಟ್ರು ಎಂದರೆ ಸಂಗೀತ ನಿರ್ದೇಶಕರು. ನಾನು ಅವರ ಹತ್ತಿರ ಢೋಲಕ್ ಬಾರಿಸುವವನು. ಬೈದ ನಿರ್ಮಾಪಕರೇ ತಮ್ಮ ಚಿತ್ರಗಳಿಗೆಲ್ಲ ನಾಯಕರು. ಬೋಳುತಲೆಗೆ ಟೋಪನ್ ಹಾಕಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಬಡವರನ್ನು ಉದ್ಧಾರ ಮಾಡುವ ಜಮೀನ್ದಾರ.

ವಾರಕ್ಕೊಂದು ಚಿತ್ರ ಸುತ್ತಿ ಬಿಸಾಡುತ್ತಿದ್ದರು. ಹಾಡುಗಳಿಗೆ ಒಂದು ಬೆಳಿಗ್ಗೆ, ಹಿನ್ನೆಲೆ ಸಂಗೀತಕ್ಕೆ ಒಂದು ಮಧ್ಯಾಹ್ನ. ಹೀಗೆ ನೂರಾರು ಚಿತ್ರಗಳಲ್ಲಿ ಮೇಷ್ಟ್ರು ಸವೆದಿದ್ದರು. ದೇವರು ಪ್ರತ್ಯಕ್ಷನಾದರೂ ನಾಯಕಿ ಸ್ನಾನ ಮಾಡಿದರೂ ಅದೇ ಕೊಳಲು. ಜಮೀನ್ದಾರ ಕಾರಿಳಿದರೆ ತುತ್ತೂರಿ. ಆಳು ಒದೆ ತಿಂದರೆ ಬೊಂಯ್.

ಬೊಂಯ್ ಮೇಷ್ಟ್ರದೇ ಸೃಷ್ಟಿ. ಮೊದಲ ಚಿತ್ರಕ್ಕೆ ನಿರ್ಮಾಪಕರು ಒಂದು ವಾದ್ಯವನ್ನೂ ತರಿಸಿಕೊಡಲಿಲ್ಲ. ಮುರಿದ ಕುರ್ಚಿಯ ಸ್ಪ್ರಿಂಗನ್ನು ಖಾಲಿ ಎಣ್ಣೆ ಡಬ್ಬಕ್ಕೆ ಸಿಕ್ಕಿಸಿ ಎಳೆದು ಬಿಟ್ಟರು ಮೇಷ್ಟ್ರು. ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ಮೇಷ್ಟ್ರ ಹಣೆಬರಹ ಆ ಡಬ್ಬಕ್ಕೆ ಅಂಟಿಕೊಂಡಿತು.

ಬೈಗುಳ ತಿಂದು ನಾವಿಬ್ಬರೂ ಚಿತ್ರಮಂದಿರದ ಬೀದಿಯಲ್ಲಿ ಬಂದೆವು. ಮೇಷ್ಟ್ರ ತಾಯಿ ಆ ಬೀದಿಯ ಕಸ ಗುಡಿಸುವವರು. ಅವರು ಪೊರಕೆ ಹಿಡಿದು ಬಗ್ಗಿದರು. ಟಿಕೆಟ್ಟಿನ ಸಾಲಿನಿಂದ ಯಾರೋ "ಬೊಂಯ್" ಎಂದರು. ಅಮ್ಮ ನೆಟ್ಟಗಾದರು. "ಬೊಂಯ್!" ಸಾಲಿಗೆ ಸಾಲೇ ನಕ್ಕಿತು. ಸಾಲು ಕಾಯುತ್ತಿದ್ದ ಪೊಲೀಸಿನವನೂ ನಕ್ಕ.

"ದಿನಾ ಇದೇ ಗೋಳು," ಎಂದರು ಅಮ್ಮ. "ನಮ್ಮಂಥೋರ್ನ ಕಂಡ್ರೆ ಹಾಗನ್ಬೇಕಂತೆ, ಸಿನಿಮಾದಲ್ಲಿ ಬರುತ್ತಂತೆ. ಯಾವ ಮುಂಡೇಮಗ ಕಂಡುಹಿಡಿದ್ನೋ, ಅವನ ಕೈ ಸೇದ್ಹೋಗ!"

ಅಮ್ಮ ವಿಧವೆಯಾಗಿ ಎಷ್ಟೋ ವರ್ಷವಾಗಿತ್ತು. ಬೈಗುಳ ವಿಳಾಸ ತಪ್ಪದೆ ಮನೆಗೇ ಬಂದಿತ್ತು.

ಮೇಷ್ಟ್ರು ಬಲಗೈಯನ್ನು ಜೇಬಿನೊಳಗೆ ತುರುಕಿದರು. "ಅಮ್ಮಾ, ಅದು ನಾನೇ ಮಾಡಿದ್ದು."

ಪೊರಕೆ ನಿಂತಿತು. "ನೀನಾ? ನಾನು ಚರಂಡಿಗೆ ಬಿದ್ದು ಸೊಂಟ ಮುರ್ಕೊಂಡಾಗ ಎತ್ತಿದ್ದೂ ನೀನೇ ಅಲ್ವೇನೋ? ಬೊಂಯ್ ಅಂತ ಸದ್ದು ಬಂತೇನೋ ಆಗ?"

ನನಗೆ ಅಲ್ಲಿ ನಿಲ್ಲಲೂ ನಾಚಿಕೆಯಾಯಿತು.

ಮಾರನೆಯ ದಿನ ಹಿನ್ನೆಲೆ ಸಂಗೀತದ ಧ್ವನಿಮುದ್ರಣ. ಅದನ್ನು ಮೊದಲೇ ಕೇಳುವ ಅಭ್ಯಾಸ ನಿರ್ಮಾಪಕರಿಗಿರಲಿಲ್ಲ. ಬಿಡುಗಡೆಯ ದಿನ ಎಲ್ಲರ ಜೊತೆಗೇ ಕೇಳುವುದು. ಪರದೆಯ ಮೇಲೆ ಜಮೀನ್ದಾರರ ಕಾರು ಬಂದು ನಿಂತಿತು. ತುತ್ತೂರಿಯವನು ಉಸಿರು ಎಳೆದುಕೊಂಡ.

"ನೀನು ಕೆಳಗಿಡಪ್ಪ," ಎಂದರು ಮೇಷ್ಟ್ರು. ನನ್ನ ಕಡೆ ತಿರುಗಿ, "ಡಬ್ಬ ಕೊಡು."

"ಮೇಷ್ಟ್ರೇ, ನಾಳೆಯಿಂದ ಎಲ್ಲರ ಹೊಟ್ಟೆಗೂ ತಣ್ಣೀರು ಬಟ್ಟೆ."

"ಗೊತ್ತು ಕಣೋ. ಬೇಡ ಅಂದ್ರೆ ಎದ್ದು ಹೋಗು, ಬೇಜಾರಿಲ್ಲ."

ಹೋಗಲಿಲ್ಲ. ಡಬ್ಬ ಅಲುಗಾಡದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡೆ. ಮೇಷ್ಟ್ರು ಸ್ಪ್ರಿಂಗ್ ಎಳೆದರು.

ಬಿಡುಗಡೆಯ ದಿನ ನಿರ್ಮಾಪಕರು ಅಧಿಕಾರಿಗಳನ್ನು ಅಕ್ಕಪಕ್ಕ ಕೂರಿಸಿಕೊಂಡಿದ್ದರು. ಪರದೆಯ ಮೇಲೆ ಕಾರಿನ ಬಾಗಿಲು ತೆರೆಯಿತು. ಜಮೀನ್ದಾರರು ಬಲಗಾಲು ನೆಲಕ್ಕಿಟ್ಟರು. ಬೊಂಯ್. ಎಡಗಾಲು. ಬೊಂಯ್. ಮೀಸೆ ತಿರುವಿದರು. ಬೊಂಯ್. ಚಿತ್ರಮಂದಿರ ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ, ಆಮೇಲೆ ಸೂರು ಹಾರುವಂತೆ ನಕ್ಕಿತು. ಅಧಿಕಾರಿಗಳು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

ಮುಂದಿನ ದೃಶ್ಯದಲ್ಲಿ ಕಸ ಗುಡಿಸುವವಳು ಚರಂಡಿಗೆ ಬಿದ್ದಳು. ಅಲ್ಲಿ ಮೇಷ್ಟ್ರು ಏನನ್ನೂ ಬಾರಿಸಿರಲಿಲ್ಲ. ಯಾರೂ ನಗಲಿಲ್ಲ.

ನಿರ್ಮಾಪಕರು ಹೊರಗೆ ನುಗ್ಗಿದರು. ಮೆಟ್ಟಿಲ ತುದಿಯಲ್ಲಿ ಮೇಷ್ಟ್ರು ಡಬ್ಬ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು, ಪಕ್ಕದಲ್ಲಿ ನಾನು.

"ನಾಯಿ ನನ್ಮಗನೆ! ಇನ್ಮೇಲೆ ನಿನ್ನನ್ನ ಒಂದು ತಾಳ ತಟ್ಟೋಕೂ ಯಾರೂ ಕರೀಬಾರ್ದು, ಹಾಗ್ಮಾಡ್ತೀನಿ!"

ಆ ಒಂದು ಮಾತನ್ನು ಅವರು ಉಳಿಸಿಕೊಂಡರು. ಇವತ್ತಿನವರೆಗೂ ನಮ್ಮನ್ನು ಯಾರೂ ಕರೆದಿಲ್ಲ.

ಬೈದು ಮುಗಿಸಿ, ಟೋಪನ್ ಸರಿಮಾಡಿಕೊಂಡು, ಅವರು ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

ಕೆಳಗೆ ಅಮ್ಮ ಗುಡಿಸುತ್ತಿದ್ದರು. ತಲೆ ಎತ್ತದೆಯೇ, "ಬೊಂಯ್," ಎಂದರು.

ನಿರ್ಮಾಪಕರ ಇನ್ನೊಂದು ಕಾಲು ಅಲ್ಲೇ ನಿಂತಿತು. ಕಾರು ಕೆಳಗಿತ್ತು. ಇನ್ನೂ ಎಷ್ಟೋ ಮೆಟ್ಟಿಲು ಇಳಿಯುವುದಿತ್ತು.